ಕೇಳಿ ಕಲಿಯುವ ಅರ್ಥಶಾಸ್ತ್ರ: ಹಳೆಯ ರೆಕಾರ್ಡಿಂಗ್‌ನಿಂದ ಶುರು ಮಾಡಿ

ಅರ್ಥಶಾಸ್ತ್ರ, ವ್ಯಾಪಾರದ ಪಾಡ್‌ಕಾಸ್ಟ್ ಕೇಳುವವರಲ್ಲಿ ಹೆಚ್ಚಿನವರು ಈ ವಾರ ಬಂದದ್ದನ್ನು ಈ ವಾರವೇ ಕೇಳಿ ಮುಗಿಸುತ್ತಾರೆ. ಸುದ್ದಿ ತಿಳಿಯಲು ಅದು ಸಾಕು. ವಿಷಯ ಕಲಿಯಲು ಸಾಲದು. ಇವತ್ತು ಒಬ್ಬರು ಹೇಳಿದ ಅಂದಾಜು ನಿಜವಾಯಿತೋ ಸುಳ್ಳಾಯಿತೋ ಗೊತ್ತಾಗಲು ವರ್ಷ ಬೇಕು, ಅಷ್ಟರಲ್ಲಿ ಕೇಳಿದವರಿಗೆ ಆ ಮಾತೇ ಮರೆತಿರುತ್ತದೆ. ಎರಡು ಮೂರು ವರ್ಷ ಹಿಂದಿನ ರೆಕಾರ್ಡಿಂಗ್ ತೆಗೆದುಕೊಂಡರೆ ಫಲಿತಾಂಶ ಆಗಲೇ ಹೊರಬಿದ್ದಿರುತ್ತದೆ. ಮಾತು ಕೇಳಿ, ನಿಮ್ಮ ಊಹೆ ಬರೆದಿಟ್ಟು, ಅದೇ ದಿನ ತಾಳೆ ನೋಡಬಹುದು. ಕೆಳಗಿನ ಕ್ರಮವೆಲ್ಲ ನಿಂತಿರುವುದು ಈ ಒಂದು ಅನುಕೂಲದ ಮೇಲೆ.

ಕೂರುವ ಮೊದಲು

ಒಂದು ಗಂಟೆಯ ರೆಕಾರ್ಡಿಂಗಿಗೆ ಎರಡು ಗಂಟೆ ಮೀಸಲಿಡಿ. ಮೊದಲ ಸಲ ನಡೆಯುತ್ತಲೋ ಬಸ್ಸಿನಲ್ಲೋ ಕೇಳಬಹುದು. ಎರಡನೆಯ ಸಲ ಮೇಜಿನ ಮುಂದೆ, ಲಿಖಿತ ರೂಪ ತೆರೆದಿಟ್ಟುಕೊಂಡು ಕೇಳಬೇಕು. ವೇಗ 1.25 ಪಟ್ಟು ದಾಟಿಸಬೇಡಿ. ಅದಕ್ಕಿಂತ ಜೋರಾದರೆ ವಾದ ಕಿವಿಗೆ ಬೀಳುತ್ತದೆ, ಅಂಕಿ ಜಾರುತ್ತದೆ. ಇಂಗ್ಲಿಷಿನ ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಒಂದೇ ಥರ ಕೇಳಿಸುವುದು ಇಂಥಲ್ಲೇ. ಯೂಟ್ಯೂಬ್ ತಾನಾಗಿ ತಯಾರಿಸುವ ಅಡಿಬರಹ ಕೂಡ ಅಂಕಿಗಳಲ್ಲಿ ಎಡವುತ್ತದೆ. ಮಾತು ಎಲ್ಲಿದೆ ಎಂದು ಹುಡುಕಲು ಅದನ್ನು ಬಳಸಿ. ಅಂಕಿಯನ್ನು ಮಾತ್ರ ಮೂಲ ದಾಖಲೆಯಿಂದಲೇ ಬರೆದುಕೊಳ್ಳಿ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ರೆಕಾರ್ಡಿಂಗಿನ ನಿಮಿಷ, ಹೇಳಿದ ಮಾತು, ಅಂಕಿ ಮತ್ತು ಅದರ ಅಳತೆ, ಯಾವ ದಾಖಲೆಯಲ್ಲಿ ಪರೀಕ್ಷಿಸಬಹುದು. ಗಂಟೆಗೆ ಐದು ಸಾಲು ಮೀರಬಾರದು. ಮೀರಿದರೆ ಅದು ನಕಲು ಇಳಿಸುವ ಕೆಲಸವಾಗುತ್ತದೆ, ಯಾವ ಮಾತು ಮುಖ್ಯ ಎಂದು ಆರಿಸುವ ಶ್ರಮವೇ ತಪ್ಪಿಹೋಗುತ್ತದೆ. ನಾಲ್ಕನೆಯ ಕಾಲಂ ಖಾಲಿ ಉಳಿದ ಸಾಲುಗಳ ಮೇಲೆ ಅನುಮಾನ ಇಟ್ಟುಕೊಳ್ಳಿ. ಕೇಳಲು ಚೆಂದವಾಗಿದ್ದು ಎಲ್ಲೂ ಪರೀಕ್ಷೆಗೆ ಸಿಗದ ಮಾತುಗಳು ಅಲ್ಲಿ ಸೇರಿಕೊಂಡಿರುತ್ತವೆ.

ಮೊದಲ ಪಾಠ: ಕಂಪನಿಯ ತ್ರೈಮಾಸಿಕ ಕರೆ

ಖ್ಯಾತ ಉದ್ಯಮಿಗಳ ಸಂದರ್ಶನಕ್ಕಿಂತ ಮೊದಲು ಇದನ್ನು ಹಿಡಿಯಿರಿ. ಫಲಿತಾಂಶ ಪ್ರಕಟಿಸಿದ ಮೇಲೆ ಕಂಪನಿಯ ಮುಖ್ಯಸ್ಥರು ವಿಶ್ಲೇಷಕರ ಜೊತೆ ಸುಮಾರು ಒಂದು ಗಂಟೆ ಮಾತಾಡುವ ಕರೆ ಇದು. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳು ಇದರ ಧ್ವನಿಮುದ್ರಣವನ್ನು ಮುಂದಿನ ವಹಿವಾಟು ದಿನಕ್ಕೆ ಮೊದಲು ಅಥವಾ 24 ಗಂಟೆಯೊಳಗೆ, ಯಾವುದು ಮೊದಲೋ ಆಗ, ಹಾಕಬೇಕು. ಲಿಖಿತ ರೂಪಕ್ಕೆ ಐದು ಕೆಲಸದ ದಿನಗಳ ಗಡುವು. ಹಾಗಾಗಿ ದುಡ್ಡು ಕೊಡದೆ ಎರಡೂ ಸಿಗುತ್ತವೆ. ಕಂಪನಿಯ ಜಾಲತಾಣದ ಹೂಡಿಕೆದಾರರ ಪುಟದಲ್ಲಿ ನೋಡಿ.

ಅಭ್ಯಾಸಕ್ಕೆ ಬೆಂಗಳೂರಿನ ಇನ್ಫೊಸಿಸ್ ಚೆನ್ನಾಗಿ ಒದಗುತ್ತದೆ. ವರ್ಷದ ಆರಂಭದಲ್ಲೇ ‘ವರಮಾನ ಇಷ್ಟರಿಂದ ಇಷ್ಟು ಬೆಳೆಯುತ್ತದೆ’ ಎಂದು ಅದು ಬಾಯಿಬಿಟ್ಟು ಹೇಳುತ್ತದೆ, ಮೂರು ತಿಂಗಳಿಗೊಮ್ಮೆ ಆ ಅಂದಾಜನ್ನು ತಿದ್ದುತ್ತದೆ. 2023–24ರ ಐದು ಕರೆಗಳನ್ನು ಸಾಲಾಗಿ ತೆಗೆದುಕೊಳ್ಳಿ.

2023ರ ಏಪ್ರಿಲ್ 13: ಹಿಂದಿನ ವರ್ಷ ವರಮಾನ ಶೇ 15.4 ಬೆಳೆದಿತ್ತು; ಬರುವ ವರ್ಷಕ್ಕೆ ಕೊಟ್ಟ ಅಂದಾಜು ಶೇ 4ರಿಂದ 7. ಅದೇ ವರ್ಷದ ಜುಲೈ 20: ಅಂದಾಜು ಶೇ 1ರಿಂದ 3.5ಕ್ಕೆ ಇಳಿಯಿತು. ಅಕ್ಟೋಬರ್ 12: ಶೇ 1ರಿಂದ 2.5. 2024ರ ಜನವರಿ 11: ಶೇ 1.5ರಿಂದ 2. ಏಪ್ರಿಲ್ 18ರಂದು ಬಂದ ನಿಜ ಅಂಕಿ: ಶೇ 1.4. ವರ್ಷ ಮುಗಿಯಲು ಎರಡೂವರೆ ತಿಂಗಳು ಇರುವಾಗ ಹೇಳಿದ ಅಂದಾಜಿನ ಕೆಳತುದಿಯನ್ನೂ ಅದು ಮುಟ್ಟಲಿಲ್ಲ. ಆದರೆ ಕಾರ್ಯಾಚರಣೆಯ ಮಾರ್ಜಿನ್ (ವರಮಾನದಲ್ಲಿ ವ್ಯವಹಾರ ನಡೆಸುವ ವೆಚ್ಚ ಕಳೆದು ಉಳಿಯುವ ಪಾಲು) ಬಗ್ಗೆ ಹೇಳಿದ್ದ ಶೇ 20ರಿಂದ 22ರ ಮಾತು ಉಳಿಯಿತು. ಬಂದದ್ದು ಶೇ 20.7. ವೆಚ್ಚ ಕಂಪನಿಯ ಕೈಯಲ್ಲಿತ್ತು, ಬೇಡಿಕೆ ಗ್ರಾಹಕರ ಕೈಯಲ್ಲಿತ್ತು. ಐದು ಕರೆಗಳನ್ನು ಒಟ್ಟಿಗೆ ಕೇಳಿದಾಗ ಈ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಇದರಲ್ಲಿ ಅಕ್ಟೋಬರ್ ಕರೆಯನ್ನು ಎರಡು ಸಲ ಕೇಳಿ. ಆ ತ್ರೈಮಾಸಿಕದಲ್ಲಿ 770 ಕೋಟಿ ಡಾಲರಿನ ದೊಡ್ಡ ಒಪ್ಪಂದಗಳು ಬಂದವೆಂದು ಕಂಪನಿ ಹೇಳಿತು, ಅದೇ ಉಸಿರಿನಲ್ಲಿ ವರಮಾನದ ಅಂದಾಜಿನ ಮೇಲ್ತುದಿಯನ್ನು ಕೆಳಗಿಳಿಸಿತು. ಎರಡೂ ನಿಜ. ಒಪ್ಪಂದದ ಮೊತ್ತ ಹಲವು ವರ್ಷಗಳಲ್ಲಿ ಹಂಚಿ ಬರುವ ಹಣ. ಅದರಲ್ಲಿ ಹಳೆಯ ಕೆಲಸದ ನವೀಕರಣವೂ ಸೇರಿರುತ್ತದೆ. ನಿಜವಾಗಿ ಹೊಸದೆಷ್ಟು ಎಂದು ತಿಳಿಯಲು ಲಿಖಿತ ರೂಪದಲ್ಲಿ ‘ನೆಟ್ ನ್ಯೂ’ ಎಂದು ಹುಡುಕಿ. ಜೊತೆಗೆ, ಗ್ರಾಹಕರು ಮುಂದೂಡಬಹುದಾದ ಸಣ್ಣ ಯೋಜನೆಗಳನ್ನು ಆ ವರ್ಷ ನಿಲ್ಲಿಸುತ್ತಿದ್ದರು. ಒಂದು ಕಡೆಯಿಂದ ತುಂಬುವುದು ನಿಧಾನ, ಇನ್ನೊಂದು ಕಡೆಯಿಂದ ಸೋರುವುದು ಬೇಗ. ‘ದಾಖಲೆ ಮೊತ್ತದ ಒಪ್ಪಂದ’ ಎಂಬ ತಲೆಬರಹವನ್ನಷ್ಟೇ ಓದಿದವರಿಗೆ ಮುಂದಿನ ಏಪ್ರಿಲ್‌ನ ಶೇ 1.4 ಅರ್ಥವಾಗುವುದಿಲ್ಲ.

ಕೇಳುವಾಗ ಕ್ರಮ ತಿರುಗಿಸಿ. ಆರಂಭದ ಭಾಷಣಗಳು ಮೊದಲೇ ಬರೆದು ತಿದ್ದಿದವು. ಅವನ್ನು ಓದಿದರೆ ಸಾಕು. ಕಿವಿ ಕೊಡಬೇಕಾದದ್ದು ಪ್ರಶ್ನೋತ್ತರಕ್ಕೆ. ಒಂದೇ ಪ್ರಶ್ನೆಯನ್ನು ಮೂವರು ವಿಶ್ಲೇಷಕರು ಬೇರೆ ಬೇರೆ ಮಾತಿನಲ್ಲಿ ಕೇಳಿದರೆ, ಮೊದಲಿಬ್ಬರಿಗೆ ಉತ್ತರ ಸಿಕ್ಕಿಲ್ಲ ಎಂದು ಅರ್ಥ. ಉತ್ತರದಲ್ಲಿ ಅಂಕಿ ಇರಬೇಕಾದ ಜಾಗದಲ್ಲಿ ವಿಶೇಷಣ ಬಂದರೆ ಅಂಚಿನಲ್ಲಿ ಗುರುತು ಹಾಕಿ. ‘ಅದನ್ನು ನಾವು ಪ್ರತ್ಯೇಕವಾಗಿ ಹೇಳುವುದಿಲ್ಲ’ ಎಂಬುದನ್ನೂ ಬರೆದುಕೊಳ್ಳಿ. ಮುಂದಿನ ಕರೆಯಲ್ಲಿ ಅದೇ ವಿಷಯವನ್ನು ಕೇಳದೆಯೂ ಹೇಳಿದರೆ ಏನೋ ಸುಧಾರಿಸಿದೆ.

ಈ ಕರೆಗಳಲ್ಲಿ ಮತ್ತೆ ಮತ್ತೆ ಬರುವ ‘ಕಾನ್‌ಸ್ಟಂಟ್ ಕರೆನ್ಸಿ’ಯನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ. ಗ್ರಾಹಕ ಕಳೆದ ವರ್ಷ 100 ಯೂರೊ ಕೊಟ್ಟಾಗ ಯೂರೊಗೆ 1.10 ಡಾಲರ್ ಇತ್ತು: 110 ಡಾಲರ್. ಈ ವರ್ಷವೂ 100 ಯೂರೊ, ಆದರೆ ದರ 1.05: 105 ಡಾಲರ್. ವರದಿಯಾದ ವರಮಾನ ಸುಮಾರು ಶೇ 4.5 ಕುಸಿದಂತೆ ಕಾಣುತ್ತದೆ. ಹಳೆಯ ದರದಲ್ಲೇ ಎಣಿಸಿದರೆ ಬೆಳವಣಿಗೆ ಸೊನ್ನೆ, ಕುಸಿತವಲ್ಲ. ಮೇಲಿನ ಶೇ 15.4, ಶೇ 1.4 ಎಲ್ಲ ಈ ಎರಡನೆಯ ಲೆಕ್ಕದವು.

ಉತ್ತರ ಓದಿಬಿಟ್ಟದ್ದರಿಂದ 2023–24 ನಿಮಗೆ ಮಾದರಿಯಷ್ಟೇ ಆಯಿತು. ನಿಜವಾದ ಪರೀಕ್ಷೆಗೆ 2024ರ ಏಪ್ರಿಲ್‌ನಿಂದ 2025ರ ಏಪ್ರಿಲ್‌ವರೆಗಿನ ಐದು ಕರೆಗಳನ್ನು ತೆಗೆದುಕೊಳ್ಳಿ. ಆ ಅಂಕಿಗಳನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ಒಂದೊಂದು ಕರೆ ಮುಗಿದಾಗ ಮುಂದಿನ ಅಂದಾಜು ಏರುತ್ತದೋ ಇಳಿಯುತ್ತದೋ, ಏಕೆ, ಎಂದು ಎರಡು ಸಾಲು ಬರೆದು ಆಮೇಲೆ ಮುಂದಿನದನ್ನು ತೆರೆಯಿರಿ. ಹುಡುಕಾಟದಲ್ಲಿ ಉತ್ತರ ಕಣ್ಣಿಗೆ ಬೀಳದಂತೆ ಐದೂ ಕಡತಗಳನ್ನು ಮೊದಲೇ ಇಳಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಪಾಠ: ಆರ್‌ಬಿಐ ಸುದ್ದಿಗೋಷ್ಠಿ

ಬಡ್ಡಿದರ ನಿರ್ಧರಿಸುವ ಹಣಕಾಸು ನೀತಿ ಸಮಿತಿಯಲ್ಲಿ ಆರು ಮಂದಿ ಇದ್ದಾರೆ. ಹೆಚ್ಚಾಗಿ ಎರಡು ತಿಂಗಳಿಗೊಮ್ಮೆ ಸಭೆ. ಕೊನೆಯ ದಿನ ಬೆಳಿಗ್ಗೆ 10ಕ್ಕೆ ಗವರ್ನರ್ ಹೇಳಿಕೆ, ಮಧ್ಯಾಹ್ನ ಸುದ್ದಿಗೋಷ್ಠಿ. ಎರಡರ ವಿಡಿಯೊ ಯೂಟ್ಯೂಬಿನಲ್ಲಿದೆ, ಸುದ್ದಿಗೋಷ್ಠಿಯ ಲಿಖಿತ ರೂಪ ಆರ್‌ಬಿಐ ಜಾಲತಾಣದಲ್ಲಿ ಬರುತ್ತದೆ. ಹದಿನಾಲ್ಕನೆಯ ದಿನ ಸಭೆಯ ನಡಾವಳಿ ಹೊರಬೀಳುತ್ತದೆ. ಯಾರು ಯಾವ ಕಡೆ ಮತ ಹಾಕಿದರು, ಏಕೆ ಎಂಬುದು ಅದರಲ್ಲಿರುತ್ತದೆ. ಬಹಳ ಜನ ವಿಡಿಯೊ ನೋಡಿ ಬಿಡುತ್ತಾರೆ. ಅರ್ಥಶಾಸ್ತ್ರದ ವಾದ ಸಿಗುವುದು ನಡಾವಳಿಯಲ್ಲಿ.

2025ರ ಫೆಬ್ರುವರಿ 7ರ ಹೇಳಿಕೆ ಆರಿಸಿಕೊಳ್ಳಿ. ಸಂಜಯ್ ಮಲ್ಹೋತ್ರಾ ಗವರ್ನರ್ ಆದ ಮೇಲಿನ ಮೊದಲ ನೀತಿ ಅದು. ರೆಪೊ ದರ, ಅಂದರೆ ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿದರ, ಶೇ 6.50ರಿಂದ 6.25ಕ್ಕೆ ಇಳಿಯಿತು, 2020ರ ಮೇ ನಂತರ ಮೊದಲ ಇಳಿಕೆ. ಅಂದು 2025–26ಕ್ಕೆ ಕೊಟ್ಟ ಅಂದಾಜು: ಜಿಡಿಪಿ ಬೆಳವಣಿಗೆ ಶೇ 6.7, ಚಿಲ್ಲರೆ ಹಣದುಬ್ಬರ ಶೇ 4.2. ಈಗ ಅದೇ ವರ್ಷದ ಡಿಸೆಂಬರ್ ಹೇಳಿಕೆ ಹಾಕಿ. ರೆಪೊ ದರ ಶೇ 5.25ಕ್ಕೆ ಬಂದಿತ್ತು; ಅದೇ 2025–26ರ ಹಣದುಬ್ಬರದ ಅಂದಾಜು ಶೇ 2.0 ಆಗಿತ್ತು, ಬೆಳವಣಿಗೆಯದು ಶೇ 7.3. ಆಹಾರ ಬೆಲೆಗಳು ಕುಸಿದದ್ದು ಇದಕ್ಕೆ ದೊಡ್ಡ ಕಾರಣ.

ಇದನ್ನು ನೋಡಿ ‘ಆರ್‌ಬಿಐಗೂ ಗೊತ್ತಾಗಲಿಲ್ಲ’ ಎಂದು ನಕ್ಕು ಮುಂದೆ ಹೋದರೆ ಪಾಠ ಕೈತಪ್ಪಿತು. ಫೆಬ್ರುವರಿ ಹೇಳಿಕೆಗೆ ಹಿಂದಿರುಗಿ, ಅಂದಾಜಿಗೆ ಹಾಕಿದ ಷರತ್ತು ಯಾವುದು ಎಂದು ಹುಡುಕಿ: ಮಳೆ ಹೇಗಿರುತ್ತದೆ ಎಂದುಕೊಂಡಿದ್ದರು, ಯಾವ ಅಪಾಯಗಳನ್ನು ಹೆಸರಿಸಿದ್ದರು. ನಡಾವಳಿಯಲ್ಲಿ ಒಬ್ಬೊಬ್ಬ ಸದಸ್ಯರೂ ಆಹಾರ ಬೆಲೆಯ ಬಗ್ಗೆ ಏನು ಬರೆದಿದ್ದರು ಎಂದು ನೋಡಿ. ಅಂದಾಜು ತಪ್ಪುವುದು ಸಹಜ; ಯಾವ ಊಹೆ ತಪ್ಪಿದ್ದರಿಂದ ತಪ್ಪಿತು ಎಂದು ಬೆರಳಿಟ್ಟು ತೋರಿಸಲು ಬಂದರೆ ಒಂದು ಅಧ್ಯಾಯ ಕಲಿತಂತೆ. ಏಪ್ರಿಲ್ ಮತ್ತು ಅಕ್ಟೋಬರಿನ ಹಣಕಾಸು ನೀತಿ ವರದಿಯಲ್ಲಿ ಬೀಸಣಿಗೆಯಂತೆ ಅಗಲವಾಗುವ ಒಂದು ನಕ್ಷೆ ಇರುತ್ತದೆ; ಅಂದಾಜಿನ ಅನಿಶ್ಚಿತತೆಯನ್ನು ಅವರೇ ಅಲ್ಲಿ ಚಿತ್ರ ಬರೆದು ಹೇಳಿರುತ್ತಾರೆ.

ಕೇಳಿದ್ದನ್ನು ಮನೆಯ ಲೆಕ್ಕಕ್ಕೂ ಇಳಿಸಿ. 30 ಲಕ್ಷ ರೂಪಾಯಿ, 20 ವರ್ಷದ ಗೃಹಸಾಲಕ್ಕೆ ಶೇ 8.50 ಬಡ್ಡಿಯಲ್ಲಿ ಇಎಂಐ ಸುಮಾರು ₹26,035, ಶೇ 8.25ರಲ್ಲಿ ಸುಮಾರು ₹25,562. ತಿಂಗಳಿಗೆ ₹473 ಉಳಿತಾಯ. ಆದರೆ ಗವರ್ನರ್ ಹೇಳಿದ ದಿನವೇ ಅದು ಕೈಗೆ ಬರುವುದಿಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿದ್ದು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಮರುಹೊಂದಿಕೆ ಆಗಬೇಕು. ಬ್ಯಾಂಕಿನ ಸ್ವಂತ ವೆಚ್ಚ ನೋಡಿ ದರ ಕಟ್ಟುವ ಹಳೆಯ ಎಂಸಿಎಲ್‌ಆರ್ ಸಾಲಗಳಲ್ಲಿ ಇದು ಇನ್ನೂ ನಿಧಾನ. ಸುದ್ದಿಗೋಷ್ಠಿಗಳಲ್ಲಿ ‘ಟ್ರಾನ್ಸ್‌ಮಿಷನ್’ ಬಗ್ಗೆ ಪತ್ರಕರ್ತರು ಪದೇ ಪದೇ ಕೆದಕುವುದು ಈ ವಿಳಂಬದ ಬಗ್ಗೆಯೇ.

ಅಂಕಿಯಲ್ಲಿ ಜಾರುವ ಜಾಗಗಳು

ಶೇ 6.50ರಿಂದ 6.25ಕ್ಕೆ ಇಳಿದರೆ 25 ಬೇಸಿಸ್ ಪಾಯಿಂಟ್ ಇಳಿಕೆ (ಶೇ 1ರ ನೂರನೆಯ ಒಂದು ಪಾಲು ಒಂದು ಬೇಸಿಸ್ ಪಾಯಿಂಟ್). ಅದನ್ನು ‘ಶೇ 25 ಕಡಿತ’ ಎಂದು ಹೇಳುವ ವಿಡಿಯೊ ಸಿಕ್ಕರೆ ಅಲ್ಲೇ ನಿಲ್ಲಿಸಿ.

ಅಮೆರಿಕದ ಪಾಡ್‌ಕಾಸ್ಟಿನಲ್ಲಿ ‘ಕಳೆದ ತ್ರೈಮಾಸಿಕದಲ್ಲಿ ಆರ್ಥಿಕತೆ ಶೇ 3 ಬೆಳೆಯಿತು’ ಎಂದರೆ, ಆ ಮೂರು ತಿಂಗಳ ವೇಗ ವರ್ಷವಿಡೀ ಮುಂದುವರಿದರೆ ಶೇ 3 ಎಂದು ಅರ್ಥ. ಮೂರು ತಿಂಗಳಲ್ಲಿ ನಿಜವಾಗಿ ಆದದ್ದು ಸುಮಾರು ಶೇ 0.75. ಭಾರತದ ತ್ರೈಮಾಸಿಕ ಅಂಕಿ ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದ್ದು. ಇವೆರಡನ್ನು ಅಕ್ಕಪಕ್ಕ ಇಟ್ಟು ಚರ್ಚೆ ಮಾಡುವ ಕಾರ್ಯಕ್ರಮಗಳು ಟಿವಿಯಲ್ಲೂ ಕಡಿಮೆಯೇನಿಲ್ಲ.

ನೂರು ಕೋಟಿಗೆ ಒಂದು ಬಿಲಿಯನ್, ಲಕ್ಷ ಕೋಟಿಗೆ ಒಂದು ಟ್ರಿಲಿಯನ್. ಡಾಲರಿನ ಅಂಕಿಯಾದರೆ ಕರೆ ನಡೆದ ದಿನದ ವಿನಿಮಯ ದರ ಹಾಕಿ, ಇವತ್ತಿನದಲ್ಲ. ಹಣಕಾಸು ವರ್ಷವನ್ನೂ ಗಮನಿಸಿ: ಇನ್ಫೊಸಿಸ್‌ನ ‘ಎಫ್‌ವೈ24’ 2024ರ ಮಾರ್ಚ್‌ಗೆ ಮುಗಿದರೆ, ಆಕ್ಸೆಂಚರ್ ಕಂಪನಿಯ ಅದೇ ಹೆಸರಿನ ವರ್ಷ ಆಗಸ್ಟ್‌ಗೆ ಮುಗಿಯುತ್ತದೆ.

ಮೂರನೆಯ ಪಾಠ: ದೀರ್ಘ ಸಂದರ್ಶನ

ಇಲ್ಲಿ ಅಂಕಿ ಕಡಿಮೆ, ವಾದ ಹೆಚ್ಚು. ಅಮೆರಿಕದ ಅರ್ಥಶಾಸ್ತ್ರಜ್ಞ ರಸ್ ರಾಬರ್ಟ್ಸ್ 2006ರಿಂದ ನಡೆಸುತ್ತಿರುವ ‘ಎಕಾನ್‌ಟಾಕ್’ ಪಾಡ್‌ಕಾಸ್ಟಿನಲ್ಲಿ ವಾರಕ್ಕೊಂದು, ಸುಮಾರು ಒಂದು ಗಂಟೆಯ ಸಂಚಿಕೆ. ಹಳೆಯ ಸಂಚಿಕೆಗಳೆಲ್ಲ ಜಾಲತಾಣದಲ್ಲಿವೆ, ಸಮಯಸೂಚಿಯ ಜೊತೆ ಬರಹವೂ ಇರುತ್ತದೆ. ಮುಕ್ತ ಮಾರುಕಟ್ಟೆಯ ಕಡೆ ತಮ್ಮ ಒಲವನ್ನು ರಾಬರ್ಟ್ಸ್ ಮುಚ್ಚಿಡುವುದಿಲ್ಲ. ಕಲಿಯುವವರಿಗೆ ಅದು ಅನುಕೂಲವೇ. ಒಲವು ಬಚ್ಚಿಟ್ಟು ಮಾತಾಡುವ ನಿರೂಪಕರ ಜೊತೆ ಕಷ್ಟ ಹೆಚ್ಚು.

ರಾಬರ್ಟ್ಸ್ 2007ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮೈಕಲ್ ಮಂಗರ್ ಜೊತೆ ನಡೆಸಿದ ಸಂಚಿಕೆಯಿಂದ ಆರಂಭಿಸಬಹುದು. 1996ರಲ್ಲಿ ಫ್ರಾನ್ ಚಂಡಮಾರುತ ಉತ್ತರ ಕೆರೊಲಿನಾದಲ್ಲಿ ಕರೆಂಟು ಕಡಿದಾಗ, ಹೊರಗಿನಿಂದ ಕೆಲವರು ಟ್ರಕ್ಕಿನಲ್ಲಿ ಐಸ್ ತಂದು ಮಾಮೂಲಿ ಬೆಲೆಯ ಹಲವು ಪಟ್ಟಿಗೆ ಮಾರಿದರು. ಹೆಚ್ಚು ಬೆಲೆಗೆ ಮಾರಿದ್ದಕ್ಕೆ ಪೊಲೀಸರು ಅವರನ್ನು ಹಿಡಿದಾಗ, ಐಸ್ ಸಿಗದೇ ಹೋದ ಸಾಲಿನ ಜನರೇ ಚಪ್ಪಾಳೆ ತಟ್ಟಿದರು. ಮಂಗರ್ ವಾದ ಹೊರಡುವುದು ಇಲ್ಲಿಂದ.

ಇಂಥ ವಾದವನ್ನು ನಾಲ್ಕು ಸಾಲಿಗೆ ಒಡೆಯಿರಿ. ಹೇಳಿಕೆ: ಬೆಲೆಗೆ ಮಿತಿ ಹಾಕಿದರೆ ಸರಕೇ ಬರುವುದಿಲ್ಲ. ಕೆಲಸ ಮಾಡುವ ಬಗೆ: ಹೆಚ್ಚಿನ ಬೆಲೆ ದೂರದವರಿಗೆ ಬರುವ ಖರ್ಚು ಕಟ್ಟಿಕೊಡುತ್ತದೆ. ಷರತ್ತು: ಬೇರೆಯವರೂ ಬಂದು ಮಾರಲು ದಾರಿ ತೆರೆದಿರಬೇಕು. ನಷ್ಟ ಯಾರಿಗೆ: ಆ ಕ್ಷಣ ಕೈಯಲ್ಲಿ ನಗದು ಇಲ್ಲದವರಿಗೆ. ಮೂರನೆಯ ಸಾಲಿನಲ್ಲೇ ಚರ್ಚೆಯ ಜೀವ ಇದೆ. ರಸ್ತೆ ಕೊಚ್ಚಿಹೋಗಿ ಯಾರೂ ಬರಲಾರದ ಊರಿನಲ್ಲಿ ಬೆಲೆ ಎಷ್ಟೇ ಏರಿದರೂ ಸರಕು ಹೆಚ್ಚುವುದಿಲ್ಲ. ಆಗ ಏರಿಕೆ ಇದ್ದುದನ್ನೇ ಹಣ ಇದ್ದವರ ಕಡೆ ತಿರುಗಿಸುತ್ತದೆ ಅಷ್ಟೆ. ಮಳೆ ಬಂದ ಸಂಜೆ ಬೆಂಗಳೂರಿನಲ್ಲಿ ಕ್ಯಾಬ್ ದರ ಏರುವುದಕ್ಕೂ ಇದೇ ನಾಲ್ಕು ಸಾಲು ಹಾಕಿ ನೋಡಿ: ದರ ಏರಿದಾಗ ಹೆಚ್ಚು ಚಾಲಕರು ರಸ್ತೆಗೆ ಇಳಿಯುತ್ತಾರೋ, ಇದ್ದವರೇ ಸವಾರಿ ಆರಿಸಿಕೊಳ್ಳುತ್ತಾರೋ?

ಒಂದು ಕಡೆಯ ಸಂಚಿಕೆ ಕೇಳಿದ ಮೇಲೆ ಅದರ ಎದುರಾಳಿಯನ್ನೂ ಕೇಳುವುದು ಕಡ್ಡಾಯ. ಕನಿಷ್ಠ ವೇತನ ಹೆಚ್ಚಿಸಿದರೆ ಕೆಲಸ ಹೋಗುತ್ತದೆ ಎಂಬ ವಾದ ಕೇಳಿದ್ದೀರಾ? ಹಾಗಿದ್ದರೆ ಡೇವಿಡ್ ಕಾರ್ಡ್ 2021ರ ಡಿಸೆಂಬರಿನಲ್ಲಿ ಕೊಟ್ಟ ನೊಬೆಲ್ ಉಪನ್ಯಾಸವನ್ನು ನೊಬೆಲ್ ಸಂಸ್ಥೆಯ ಜಾಲತಾಣದಲ್ಲಿ ನೋಡಿ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಸಂಬಳದ ದಾಖಲೆ ಹಿಡಿದು ಇದನ್ನು ಪ್ರಶ್ನಿಸಿದರು. ಮೂರೂ ಕಡೆ ಕೇಳಿದವರಿಗೆ ಜಗಳ ಸಿದ್ಧಾಂತದ್ದು ಮಾತ್ರವಲ್ಲ, ಅಳೆಯುವ ಬಗೆಯದೂ ಹೌದು ಎಂದು ಕಾಣುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಟೈಲರ್ ಕೊವೆನ್ ನಡೆಸುವ ಸಂದರ್ಶನಗಳು ಪ್ರಸಿದ್ಧ, ಲಿಖಿತ ರೂಪವೂ ಉಂಟು, ಆದರೆ ಪ್ರಶ್ನೆಗಳು ನಿಮಿಷಕ್ಕೊಂದು ವಿಷಯಕ್ಕೆ ಹಾರುತ್ತವೆ; ಹೊಸಬರಿಗೆ ಹಿಡಿತ ಸಿಗುವುದಿಲ್ಲ. ಅಮಿತ್ ವರ್ಮಾ ಅವರ ‘ದಿ ಸೀನ್ ಅಂಡ್ ದಿ ಅನ್‌ಸೀನ್’ ಈಗ ಹಲವು ಗಂಟೆ ಉದ್ದದ ಮಾತುಕತೆ. ಭಾರತದ ನೀತಿಗಳ ಬಗ್ಗೆ ಕಲಿಯಲು 2017ರ ಅದರ ಆರಂಭದ ಚಿಕ್ಕ ಸಂಚಿಕೆಗಳೇ ಮೇಲು: ಒಂದು ನೀತಿ, ಅದರ ಕಾಣುವ ಫಲ, ಕಾಣದ ಫಲ. ಕನ್ನಡದಲ್ಲಿ ಸಾರ್ವಜನಿಕ ನೀತಿಯ ಮಾತು ಬೇಕಿದ್ದರೆ ‘ತಲೆ ಹರಟೆ’ ಪಾಡ್‌ಕಾಸ್ಟಿನ ಹಳೆಯ ಸಂಚಿಕೆಗಳನ್ನು ಜಾಲಾಡಬಹುದು.

ಉದ್ಯಮಿಗಳ ಸಂದರ್ಶನ

ಇದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣ ಇದೆ. ಮುಳುಗಿದ ಕಂಪನಿಯ ಸ್ಥಾಪಕರನ್ನು ಯಾರೂ ಎರಡು ಗಂಟೆ ಕೂರಿಸಿ ಕೇಳುವುದಿಲ್ಲ. ಹಾಗಾಗಿ ‘ಹಗಲಿರುಳು ದುಡಿದೆವು, ಅದಕ್ಕೇ ಗೆದ್ದೆವು’ ಎಂಬ ಮಾತಿನಿಂದ ಕಲಿಯುವಂಥದ್ದು ಹೆಚ್ಚಿಲ್ಲ. ಸೋತವರೂ ಹಗಲಿರುಳು ದುಡಿದಿದ್ದರು. ಬದಲಿಗೆ ಹುಡುಕಬೇಕಾದದ್ದು ಸಣ್ಣ ಸಂಗತಿಗಳನ್ನು: ಮೊದಲ ಗಿರಾಕಿ ಯಾರು, ಎಷ್ಟು ಕೊಟ್ಟ, ಒಂದು ಮಾರಾಟದಲ್ಲಿ ವೆಚ್ಚ ಕಳೆದು ಎಷ್ಟು ಉಳಿಯಿತು, ನಷ್ಟದ ವರ್ಷಗಳಲ್ಲಿ ದುಡ್ಡು ಎಲ್ಲಿಂದ ಬಂತು.

ಷೇರುಪೇಟೆಗೆ ಬಂದ ಕಂಪನಿಯಾದರೆ ಕೆಲಸ ಸುಲಭ. ಐಪಿಒಗೆ (ಜನರಿಗೆ ಮೊದಲ ಸಲ ಷೇರು ಮಾರುವುದಕ್ಕೆ) ಮುನ್ನ ಅದು ಸೆಬಿಗೆ ಸಲ್ಲಿಸಿದ ಕರಡು ದಾಖಲೆ, ಅಂದರೆ ಡಿಆರ್‌ಎಚ್‌ಪಿ, ಎಲ್ಲರಿಗೂ ತೆರೆದಿರುತ್ತದೆ. ಅದರ ‘ಅಪಾಯದ ಅಂಶಗಳು’ ಭಾಗವನ್ನು ಮೊದಲು ಓದಿ, ಆಮೇಲೆ ಅದೇ ಕಾಲದ ಸ್ಥಾಪಕರ ಸಂದರ್ಶನ ಕೇಳಿ. ಬಾಯಲ್ಲಿ ಹೇಳಿದ್ದಕ್ಕೂ ಕಾಗದದಲ್ಲಿ ವಕೀಲರು ಬರೆಸಿದ್ದಕ್ಕೂ ಇರುವ ದೂರವನ್ನು ಪಟ್ಟಿ ಮಾಡಿ. ಒಂದು ಮಾತು ಬಹಳ ಜಾರಿಸುತ್ತದೆ: ಜಿಎಂವಿ, ಅಂದರೆ ಮಾರಾಟವಾದ ಸರಕಿನ ಒಟ್ಟು ಬೆಲೆ. ಜಾಲತಾಣದಲ್ಲಿ ₹1,000ದ ಸೀರೆ ಮಾರಾಟವಾಗಿ ಕಂಪನಿಗೆ ₹150 ಕಮಿಷನ್ ಬಂದರೆ, ಜಿಎಂವಿ ₹1,000, ವರಮಾನ ₹150. ಸಂದರ್ಶನದಲ್ಲಿ ಕೇಳುವುದು ಹೆಚ್ಚಾಗಿ ಮೊದಲನೆಯದೇ. ‘ಅಡ್ಜಸ್ಟೆಡ್’ ಎಂದು ಶುರುವಾಗುವ ಯಾವ ಲಾಭದ ಅಂಕಿ ಬಂದರೂ, ಏನನ್ನು ಕಳೆಯದೆ ಬಿಟ್ಟಿದ್ದಾರೆ ಎಂದು ನೋಡಿ. ನೌಕರರಿಗೆ ಕೊಟ್ಟ ಷೇರಿನ ವೆಚ್ಚ ಅಲ್ಲಿ ಮಾಯವಾಗಿರುವುದುಂಟು.

ಷೇರು ಟಿಪ್ಸ್ ವಿಡಿಯೊಗಳು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಶಿಕ್ಷಣಕ್ಕೆಂದು ಹೇಳಿಕೊಳ್ಳುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಷೇರಿನ ಬಗ್ಗೆ ಸಲಹೆ ಕೊಡುವಂತಿಲ್ಲ ಎಂದು ಸೆಬಿ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ನಿನ್ನೆಯ ಬೆಲೆ ತೋರಿಸಿ ನಾಳೆಯ ಗುರಿ ಹೇಳುವವರನ್ನು ಗುರುತಿಸಲು ಇಷ್ಟು ಸಾಕು.

ತಳಪಾಯ ಅಲುಗಿದಾಗ

ಹೀಗೆ ಕೇಳುತ್ತಾ ಹೋದಂತೆ ಒಂದೇ ಪರಿಕಲ್ಪನೆ ಮೂರು ಸಲ ಅರ್ಥವಾಗದೆ ಉಳಿದರೆ ಸಂದರ್ಶನ ನಿಲ್ಲಿಸಿ ತರಗತಿಯ ಪಾಠಕ್ಕೆ ಹೋಗಿ. ಮೈಕ್ರೊಎಕನಾಮಿಕ್ಸ್‌ಗೆ ಎಂಐಟಿಯ ಜೊನಾಥನ್ ಗ್ರೂಬರ್ 2018ರಲ್ಲಿ ಮಾಡಿದ ಪಾಠಗಳು ಓಪನ್‌ಕೋರ್ಸ್‌ವೇರ್‌ನಲ್ಲಿ ಉಚಿತ. ಪೈಪೋಟಿ, ಬೆಲೆ ಸಮರ ಇವುಗಳ ತರ್ಕಕ್ಕೆ ಯೇಲ್‌ನ ಬೆನ್ ಪೊಲಾಕ್ ಅವರ ಗೇಮ್ ಥಿಯರಿ, 2007ರದು, 24 ಪಾಠ. ಪೂರ್ತಿ ನೋಡಲೇಬೇಕೆಂದಿಲ್ಲ, ಬೇಕಾದ ಪಾಠ ನೋಡಿ ಹಿಂದಿರುಗಿ. ಬಡತನದ ಅರ್ಥಶಾಸ್ತ್ರಕ್ಕೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಅವರ 2019ರ ನೊಬೆಲ್ ಉಪನ್ಯಾಸಗಳಿವೆ. ನೊಬೆಲ್ ಬಂದ ಬೆಳಿಗ್ಗೆ ವಿಜೇತರಿಗೆ ಫೋನ್ ಮಾಡಿ ಮಾತಾಡಿಸಿದ ಪುಟ್ಟ ರೆಕಾರ್ಡಿಂಗ್‌ಗಳೂ ಅದೇ ತಾಣದಲ್ಲಿವೆ. ಅರ್ಥಶಾಸ್ತ್ರದವರಿಗೂ ಹೀಗೆ ಫೋನ್ ಮಾಡುವವರ ಹೆಸರು, ಕಾಕತಾಳೀಯವಾಗಿ, ಅರ್ಥಶಾಸ್ತ್ರದ ಪಿತಾಮಹನದೇ: ಆಡಂ ಸ್ಮಿತ್.

ವಾರನ್ ಬಫೆಟ್ ಕಟ್ಟಿದ ಹೂಡಿಕೆ ಕಂಪನಿ ಬರ್ಕ್‌ಶೈರ್ ಹ್ಯಾಥವೇಯ ವಾರ್ಷಿಕ ಸಭೆಗಳ ವಿಡಿಯೊ 1994ರಿಂದ ಸಿಎನ್‌ಬಿಸಿ ಸಂಗ್ರಹದಲ್ಲಿದೆ, ವಿಷಯವಾರು ಹುಡುಕಬಹುದು. ದಿನವಿಡೀ ನಡೆಯುವ ಸಭೆಗಳಾದ್ದರಿಂದ ಒಂದು ವಿಷಯ ಹಿಡಿದೇ ಒಳಗೆ ಹೋಗಿ. ತಂತ್ರಜ್ಞಾನ ಷೇರುಗಳೇ ಹೆಚ್ಚಿರುವ ಅಮೆರಿಕದ ನಾಸ್‌ಡ್ಯಾಕ್ ಸೂಚ್ಯಂಕ ಶಿಖರ ಮುಟ್ಟಿ ಬಿದ್ದದ್ದು 2000ದ ಮಾರ್ಚ್‌ನಲ್ಲಿ. ತಂತ್ರಜ್ಞಾನ ಷೇರುಗಳ ಬಗ್ಗೆ 1999ರ ಸಭೆಯಲ್ಲಿ ಬಂದ ಪ್ರಶ್ನೋತ್ತರ ಮೊದಲು ಕೇಳಿ, ಊಹೆ ಬರೆಯಿರಿ, ಆಮೇಲೆ 2001ರದನ್ನು ಹಾಕಿ.